ಹಕ್ಕಿಗಳ ಅಸಹಕಾರ ಚಳವಳಿ

ಜೌಗುಭೂಮಿಯ ಪಕ್ಷಿಧಾಮ ನೋಡಿ ಹೊರಬರುವವರ ಮುಖ ಗಮನಿಸಿದ್ದೀರಾ? ಹೊಸ ಟೋಪಿ, ಹೊಸ ಬೂಟು, ಕತ್ತಿನಲ್ಲಿ ಹೊಸ ದುರ್ಬೀನು ಎಲ್ಲ ಸರಿಯಾಗಿಯೇ ಇರುತ್ತದೆ. ಮುಖ ಮಾತ್ರ ಮೋಸ ಹೋದವರದು. ಅವರ ಅಳಲೂ ಸಣ್ಣದಲ್ಲ. ನೆಲ ಒದ್ದೆಯಿತ್ತಂತೆ. ನೀರು ವಾಸನೆ ಹೊಡೆಯುತ್ತಿತ್ತಂತೆ. ಸೊಳ್ಳೆಗಳಿದ್ದವಂತೆ. ಹಕ್ಕಿಗಳೂ ಇದ್ದವಂತೆ, ಆದರೆ ತೀರಾ ದೂರ. ಹತ್ತಿರ ಇದ್ದ ಒಂದೆರಡು ಬೆನ್ನು ತಿರುಗಿಸಿ ಕೂತಿದ್ದವು, ಎಷ್ಟು ಶಿಳ್ಳೆ ಹಾಕಿದರೂ ಇತ್ತ ನೋಡಲಿಲ್ಲ.

ನಾನು ಈ ನೊಂದವರ ಪರ. ಹಕ್ಕಿಗಳ ಪರ ವಕಾಲತ್ತು ವಹಿಸಲು ಬೇಕಾದಷ್ಟು ಜನರಿದ್ದಾರೆ. 1971ರ ಫೆಬ್ರುವರಿ 2ರಂದು ಇರಾನಿನ ಕ್ಯಾಸ್ಪಿಯನ್ ದಂಡೆಯ ರಾಮ್ಸಾರ್ ಎಂಬ ಊರಿನಲ್ಲಿ ಕೂತು ಅವರು ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೇ ಮಾಡಿ ಎದ್ದಿದ್ದಾರೆ. ಅದನ್ನು ಬಿಡಿಸಿ ಓದಿದರೆ ಪ್ರವಾಸಿಗೆ ಆದ ಅನ್ಯಾಯ ಗೊತ್ತಾಗುತ್ತದೆ. ನೀರು ಸಹಜವೋ ಕೃತಕವೋ, ಶಾಶ್ವತವೋ ತಾತ್ಕಾಲಿಕವೋ, ನಿಂತದ್ದೋ ಹರಿಯುವುದೋ, ಸಿಹಿಯೋ ಉಪ್ಪೋ, ಎಲ್ಲವೂ ಜೌಗುಭೂಮಿಯ ಲೆಕ್ಕಕ್ಕೆ ಸೇರುತ್ತದೆ. ಇಳಿತದ ಹೊತ್ತಿನಲ್ಲಿ ಆರು ಮೀಟರ್ ಮೀರದ ಸಮುದ್ರವನ್ನೂ ಬಿಟ್ಟಿಲ್ಲ. ಆರು ಮೀಟರ್ ಆಳದವರೆಗೆ ಯೋಚಿಸಿದ ಮಹನೀಯರಿಗೆ ಬಿಳಿ ಬೂಟು ಹಾಕಿಕೊಂಡು ಬರುವವರ ನೆನಪು ಮಾತ್ರ ಆಗಲಿಲ್ಲ.

ಈಗ ಹಕ್ಕಿಗಳ ಧೋರಣೆಗೆ ಬರೋಣ. 2022ರಲ್ಲಿ ಬಾರ್ ಟೇಲ್ಡ್ ಗಾಡ್ವಿಟ್ ಎಂಬ ಜಾತಿಯ ಹಕ್ಕಿಯೊಂದು, ಹುಟ್ಟಿ ಇನ್ನೂ ಐದು ತಿಂಗಳು, ಅಲಾಸ್ಕಾದಲ್ಲಿ ರೆಕ್ಕೆ ಬಿಚ್ಚಿದ್ದು ಟಾಸ್ಮೇನಿಯಾದಲ್ಲಿ ಮಡಚಿತು. 13,560 ಕಿಲೋಮೀಟರ್, 11 ದಿನ, ನಡುವೆ ಎಲ್ಲೂ ಇಳಿದಿಲ್ಲ. ಮೈಗಂಟಿಸಿದ್ದ ಉಪಗ್ರಹ ಟ್ಯಾಗ್ ಇದಕ್ಕೆ ಸಾಕ್ಷಿ. ಇಂಥ ಹಾರಾಟಕ್ಕೆ ಮುನ್ನ ಈ ಜಾತಿಯವು ಮೈತುಂಬ ಕೊಬ್ಬು ಕಟ್ಟಿಕೊಂಡು, ಭಾರ ಕಡಿಮೆಯಾಗಲೆಂದು ಹೊಟ್ಟೆ ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತವೆ. ಅಷ್ಟೆಲ್ಲ ಪಡಿಪಾಟಲು ಪಡಬಲ್ಲ ಜೀವಕ್ಕೆ ಕೊನೆಯ ಮೂವತ್ತು ಅಡಿ ನಮ್ಮ ಕಡೆಗೆ ನಡೆದುಬರಲು ಏನು ದಾಡಿ? ಇಳಿದದ್ದೇ ತಡ ಕೆಸರಿಗೆ ಕೊಕ್ಕು ತೂರಿಸಿ ನಿಂತುಬಿಡುತ್ತದೆ. ಮುಖವೇ ಕಾಣದ ಫೋಟೊಗೆ ಯಾರು ಲೈಕ್ ಒತ್ತುತ್ತಾರೆ?

ಆಗ ಅನಿವಾರ್ಯವಾಗಿ ಚಪ್ಪಾಳೆ ತಟ್ಟಬೇಕಾಗುತ್ತದೆ. ಚಪ್ಪಾಳೆಗೆ ಜಗ್ಗದಿದ್ದರೆ ಸಣ್ಣದೊಂದು ಕಲ್ಲು. ಇಡೀ ಹಿಂಡು ಒಮ್ಮೆಲೇ ಎದ್ದಾಗ ಆಕಾಶ ತುಂಬುತ್ತದಲ್ಲ, ಆ ಚಿತ್ರಕ್ಕಾಗಿಯೇ ಜನ ಮುಂಜಾನೆ ನಾಲ್ಕಕ್ಕೆ ಎದ್ದು ಬಂದಿರುತ್ತಾರೆ. ಉಣ್ಣುವ ಹೊತ್ತಿನಲ್ಲಿ ಹೀಗೆ ಪದೇ ಪದೇ ಎಬ್ಬಿಸಿದರೆ ಹಕ್ಕಿ ತಿಂದದ್ದೂ ಖರ್ಚಾಗುತ್ತದೆ, ಮುಂದಿನ ಪ್ರಯಾಣಕ್ಕೆ ಕೂಡಿಟ್ಟದ್ದೂ ಖರ್ಚಾಗುತ್ತದೆ ಎಂದು ಪಕ್ಷಿತಜ್ಞರು ಲೆಕ್ಕ ಹೇಳುತ್ತಾರೆ. ಲೆನ್ಸಿಗೆ ಕಟ್ಟುತ್ತಿರುವ ಕಂತಿನ ಲೆಕ್ಕ ಅವರಿಗೇನು ಗೊತ್ತು?

ಹಕ್ಕಿಗಳನ್ನು ಮರೆಯಲ್ಲಿ ಕೂತು ನೋಡಲೆಂದು ಇಂಥ ಕಡೆ ಹಲಗೆಯ ಗೂಡೊಂದನ್ನು ಕಟ್ಟಿರುತ್ತಾರೆ. ಗೋಡೆಯಲ್ಲಿ ಉದ್ದಕ್ಕೆ ಒಂದು ಸೀಳು, ಒಳಗೊಂದು ಬೆಂಚು. ನಾವು ಹಕ್ಕಿಗಳಿಗೆ ಕಾಣಬಾರದು ಎಂಬುದು ಅದರ ಉದ್ದೇಶ. ನಾವೋ, ಕಾಣಿಸಿಕೊಳ್ಳದೆ ಬದುಕಿ ಅಭ್ಯಾಸವೇ ಇಲ್ಲದವರು. ಸೀಳಿನ ಮುಕ್ಕಾಲು ಪಾಲನ್ನು ಮೂರು ಲೆನ್ಸ್‌ಗಳು ಆಕ್ರಮಿಸಿರುತ್ತವೆ. ಲೆನ್ಸ್‌ಗಳ ಯಜಮಾನರು ಹೊರಗೆ ನೋಡುತ್ತಿರುವುದಿಲ್ಲ. ತಲೆ ತಗ್ಗಿಸಿ ಆಗಷ್ಟೇ ತೆಗೆದ ನಾನೂರು ಚಿತ್ರಗಳಲ್ಲಿ ಮುನ್ನೂರ ತೊಂಬತ್ತೆಂಟನ್ನು ಅಳಿಸುವುದರಲ್ಲಿ ಮುಳುಗಿರುತ್ತಾರೆ. ಅಷ್ಟರಲ್ಲಿ ಬಾಗಿಲು ಕಿರ್ರೆನ್ನುತ್ತದೆ. ಒಂದು ಸಂಸಾರ ಒಳಗೆ ಬರುತ್ತದೆ.

‘ಏನಾದ್ರೂ ಇದ್ಯಾ ಸಾರ್?’

ಜಗತ್ತಿನ ಯಾವ ಪಕ್ಷಿಧಾಮಕ್ಕೆ ಹೋದರೂ ಈ ಪ್ರಶ್ನೆ ಕೇಳಿಸುತ್ತದೆ. ಎದುರಿಗೆ ಕಣ್ಣು ಹಾಯುವವರೆಗೂ ನೀರು, ಜೊಂಡು, ಕಮಲದೆಲೆ, ಎಲೆಯ ಮೇಲೆ ಕಾಲಗಲಿಸಿ ನಡೆಯುವ ದೇವನಕ್ಕಿ, ಒಣಕೊಂಬೆಯ ಮೇಲೆ ರೆಕ್ಕೆ ಹರವಿ ಬಿಸಿಲಿಗೆ ಒಡ್ಡಿರುವ ನೀರುಕಾಗೆ, ಸುತ್ತ ಏರೋಪ್ಲೇನ್ ಚಿಟ್ಟೆಗಳು. ಉತ್ತರ ಮಾತ್ರ ಎಲ್ಲ ಕಡೆಯೂ ಒಂದೇ.

‘ಏನಿಲ್ಲ ಸಾರ್, ಬರೀ ಮಾಮೂಲಿ ಹಕ್ಕಿಗಳು.’

ಮಾಮೂಲಿ ಎಂದರೆ ಎಲ್ಲರ ಪಟ್ಟಿಯಲ್ಲೂ ಈಗಾಗಲೇ ಸೇರಿಹೋದದ್ದು. ಪಟ್ಟಿ ಸೇರಿದ ಮೇಲೆ ಹಕ್ಕಿಗೆ ಬದುಕಿರುವ ನೈತಿಕ ಹಕ್ಕೇನೂ ಉಳಿಯುವುದಿಲ್ಲ. ದೇವನಕ್ಕಿಗಳಲ್ಲಿ ಹೆಣ್ಣು ತೇಲುವ ಎಲೆಗಳ ಮೇಲೆ ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೊರಟುಬಿಡುತ್ತದೆ, ಕಾವು ಕೊಟ್ಟು ಮರಿ ಸಾಕುವ ಪಾಡು ಗಂಡಿನದು. ಇಷ್ಟು ಸ್ವಾರಸ್ಯದ ಸಂಸಾರ ಕಣ್ಣೆದುರೇ ನಡೆಯುತ್ತಿದ್ದರೂ ಮಾಮೂಲಿಯೇ! ಆಗ ಒಳಬಂದ ಸಂಸಾರದ ಯಜಮಾನರು ಸೀಳಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ, ‘ಒಂದು ಹಕ್ಕಿಯೂ ಇಲ್ಲ, ಟೈಮ್ ವೇಸ್ಟ್’ ಎಂದು ಬರೆದು ಅಲ್ಲಿಂದಲೇ ಹಾಕುತ್ತಾರೆ. ಚಿತ್ರದಲ್ಲಿ ಅವರ ಎಡ ಹೆಗಲಿನ ಹಿಂದೆ ಒಣ ಜೊಂಡಿದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡಿ. ಒಂದು ಜೊಂಡಿಗೆ ಕಣ್ಣಿದೆ. ಅದು ಬಿಟರ್ನ್, ಬಕನ ಬಳಗದ್ದು. ಯಾರಾದರೂ ಬಂದ ಸುಳಿವು ಸಿಕ್ಕಿದರೆ ಕೊಕ್ಕನ್ನು ಆಕಾಶಕ್ಕೆ ಎತ್ತಿ ಜೊಂಡಿನ ನಡುವೆ ಜೊಂಡಾಗಿ ನಿಲ್ಲುತ್ತದೆ, ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಅದನ್ನು ನೋಡಬೇಕೆಂದು ಲೆನ್ಸಿನವರಲ್ಲೊಬ್ಬರು ಎಷ್ಟೋ ವರ್ಷಗಳಿಂದ ದೇಶ ಸುತ್ತುತ್ತಿದ್ದಾರೆ. ಈಗಲೂ ಚಿತ್ರ ಅಳಿಸುತ್ತಿದ್ದಾರೆ.

ಇಂಥ ಕಳ್ಳಾಟಕ್ಕೆ ಪ್ರತಿಯಾಗಿ ನಮ್ಮವರೂ ಒಂದು ಉಪಾಯ ಕಂಡುಕೊಂಡಿದ್ದಾರೆ. ಮೊಬೈಲಿನಲ್ಲಿ ಅದೇ ಜಾತಿಯ ಗಂಡಿನ ಕೂಗು ಹಾಕಿ ಬೇಲಿಯ ಬಳಿ ಹಿಡಿಯುವುದು. ತನ್ನ ಜಹಗೀರಿಗೆ ಮತ್ತೊಬ್ಬ ನುಗ್ಗಿದನೆಂದು ಗಂಡುಹಕ್ಕಿ ಗೂಡು ಬಿಟ್ಟು ಓಡಿಬಂದು, ಎದುರಾಳಿಗಾಗಿ ಪೊದೆಯೆಲ್ಲ ಜಾಲಾಡಿ, ಗಂಟಲು ಹರಿಯುವಂತೆ ಕೂಗುತ್ತದೆ. ಅದರ ಪ್ರಾಣಸಂಕಟ ನಮಗೆ ‘ಸೂಪರ್ ಆ್ಯಕ್ಷನ್ ಶಾಟ್’. ಸಂಜೆಯೊಳಗೆ ಜಾಗದ ಗುರುತು ನಾಲ್ಕು ಗುಂಪುಗಳಿಗೆ ಹೋಗಿರುತ್ತದೆ, ಜೊತೆಗೆ ‘ದಯವಿಟ್ಟು ಯಾರಿಗೂ ಹೇಳಬೇಡಿ’ ಎಂಬ ಒಕ್ಕಣೆ. ಮರುದಿನ ಬೆಳಿಗ್ಗೆ ಆ ಪೊದೆಯ ಮುಂದೆ ಟ್ರೈಪಾಡುಗಳ ಜಾತ್ರೆ.

ಮೌನದ ವಿಷಯಕ್ಕೆ ಬಂದರೆ ಆಡಳಿತದವರನ್ನು ಮೆಚ್ಚಲೇಬೇಕು. ‘ದಯವಿಟ್ಟು ನಿಶ್ಶಬ್ದವಾಗಿರಿ, ಇದು ಹಕ್ಕಿಗಳ ಮನೆ’ ಎಂಬ ಸೂಚನೆ ಆಚೆ ದಡಕ್ಕೂ ಕೇಳುವ ಹಾಗೆ ಹತ್ತು ನಿಮಿಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಬರುತ್ತದೆ. ಮಧ್ಯೆ ಬಿಡುವಾದಾಗ ಮಂದ್ರ ಸಂಗೀತ. ಪ್ಲಾಸ್ಟಿಕ್ ಎಸೆಯಬೇಡಿ ಎಂಬ ಫಲಕ ಕೂಡ ಪ್ಲಾಸ್ಟಿಕ್ಕಿನದೇ, ಮಳೆಗೆ ಕೆಡಬಾರದಲ್ಲ.

ಇಷ್ಟಾದರೂ ದೂರುಗಳು ನಿಲ್ಲದಿರುವುದರಿಂದ ಈಗ ಮೂಲಕ್ಕೇ ಮದ್ದು ಅರೆಯಲಾಗುತ್ತಿದೆ. ಅದರ ಹೆಸರು ಸೌಂದರ್ಯೀಕರಣ. ದಡದ ಕೆಸರನ್ನು ಜೆಸಿಬಿ ತಂದು ಬಾಚುತ್ತಾರೆ. ಕೆಸರೆಂದರೆ ಕೊಳಕಲ್ಲವೇ? ಅದರೊಳಗಿನ ಹುಳು, ಬಸವನಹುಳುಗಳನ್ನೇ ನಂಬಿಕೊಂಡು ಉದ್ದ ಕೊಕ್ಕಿನವು ಸಾವಿರಾರು ಮೈಲಿ ಹಾರಿಬರುತ್ತವೆ ಎಂಬುದು ಗುತ್ತಿಗೆಯ ಷರತ್ತುಗಳಲ್ಲಿ ಎಲ್ಲೂ ಇಲ್ಲ. ಜೊಂಡು ಕಿತ್ತು, ಇಳಿಜಾರಿಗೆ ಕಲ್ಲು ಕಟ್ಟಿ, ಮೇಲೊಂದು ನಡಿಗೆ ಪಥ ಹಾಕಿ, ಪಥಕ್ಕೆ ದೀಪ, ದೀಪಕ್ಕೆ ಬಣ್ಣ, ನೀರಿನ ನಡುವೆ ಕಾರಂಜಿ. ರಾತ್ರಿ ವಲಸೆ ಹೋಗುವ ಹಕ್ಕಿಗಳು ಇಂಥ ಬೆಳಕಿಗೆ ದಾರಿ ತಪ್ಪುತ್ತವೆ. ಬೆಳಗಿನ ವಾಕಿಂಗಿಗೆ ಬರುವವರು ಮಾತ್ರ ದಾರಿ ತಪ್ಪುವುದಿಲ್ಲ, ಅದು ಮುಖ್ಯ. ಕೊನೆಗೆ ಪಥದ ತಿರುವಿಗೊಂದರಂತೆ ಫೈಬರ್ ಕೊಕ್ಕರೆಗಳನ್ನು ನಿಲ್ಲಿಸುತ್ತಾರೆ.

ಫೈಬರ್ ಕೊಕ್ಕರೆಯ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ಆರಡಿ ಎತ್ತರ, ಮೀನು ಕಚ್ಚಿಕೊಂಡೇ ಇರುತ್ತದೆ, ಪ್ರವಾಸಿಗರಿಗೆ ಮುಖ ಕೊಟ್ಟೇ ನಿಂತಿರುತ್ತದೆ. ಮಗುವನ್ನು ಬೆನ್ನ ಮೇಲೆ ಕೂರಿಸಿದರೂ ಹಾರುವುದಿಲ್ಲ. ಋತುಮಾನದ ರಗಳೆಯಿಲ್ಲ, ಹಿಕ್ಕೆಯಿಲ್ಲ. ನಿಜವಾದ ಕೊಕ್ಕರೆಗಳು ನೂರಾರು ಸಂಖ್ಯೆಯಲ್ಲಿ ಗೂಡು ಕಟ್ಟಿದ ಮರದ ಕೆಳಗೆ ನಿಂತವರಿಗೆ ಹಿಕ್ಕೆಯ ಪ್ರಶ್ನೆ ಎಷ್ಟು ಗಂಭೀರ ಎಂದು ಗೊತ್ತು. ಅದು ನೀರಿಗೆ ಗೊಬ್ಬರವಾಗಿ, ಪಾಚಿಯಾಗಿ, ಮೀನಾಗಿ, ಮರಳಿ ಹಕ್ಕಿಯೇ ಆಗುತ್ತದೆಂದು ಯಾರಾದರೂ ವಿವರಿಸಬಹುದು. ವಿವರಣೆಯಿಂದ ಅಂಗಿ ಶುದ್ಧವಾಗುವುದಿಲ್ಲ.

ಇನ್ನು ಹಿಂದಿನ ಕಾಲದ ಅತಿಥಿಗಳು ಹೀಗೆಲ್ಲ ಗೊಣಗುತ್ತಿರಲಿಲ್ಲ. ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮ ಇಂದು ವಿಶ್ವ ಪರಂಪರೆಯ ತಾಣ. ಅಲ್ಲಿನ ಮಹಾರಾಜರು ತಗ್ಗು ಜಾಗಕ್ಕೆ ನೀರು ಹಾಯಿಸಿ ಅದನ್ನು ಬಾತುಬೇಟೆಯ ಬಯಲು ಮಾಡಿದ್ದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನದಲ್ಲಿ ಉರುಳಿದ ಹಕ್ಕಿಗಳು 4,273. ಲೆಕ್ಕ ತಪ್ಪದಿರಲೆಂದು ಅಂಥ ಬೇಟೆಗಳ ಸಂಖ್ಯೆಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ, ಈಗಲೂ ಓದಬಹುದು. ಹಕ್ಕಿ ದೂರವಿತ್ತು, ಮುಖ ಕೊಡಲಿಲ್ಲ ಎಂಬ ಮಾತೇ ಅಲ್ಲಿಲ್ಲ. ಪಟ್ಟಿಯ ಹುಚ್ಚು ನಮ್ಮ ಕಾಲದ್ದೆಂದು ಹಳಿಯುವವರು ಒಮ್ಮೆ ಆ ಕಲ್ಲಿನ ಮುಂದೆ ನಿಂತು ಬರಬೇಕು.

ಜನರ ಗೋಳನ್ನು ಯಾರೂ ಕೇಳುವುದಿಲ್ಲ ಎನ್ನುವುದೂ ಸುಳ್ಳು. 1970ರಿಂದ 2015ರೊಳಗೆ ಜಗತ್ತಿನ ಜೌಗುಭೂಮಿಗಳಲ್ಲಿ ಸುಮಾರು ಶೇಕಡಾ 35ರಷ್ಟು ಇಲ್ಲವಾಗಿವೆ ಎನ್ನುತ್ತದೆ ಅದೇ ರಾಮ್ಸಾರ್ ಒಪ್ಪಂದದ 2018ರ ವರದಿ. ಕಾಡು ಕರಗುವುದಕ್ಕಿಂತ ಮೂರು ಪಟ್ಟು ವೇಗ. ಒದ್ದೆ, ಸೊಳ್ಳೆ, ವಾಸನೆ ಎಂಬ ಮೂರೂ ದೂರುಗಳಿಗೆ ಒಂದೇ ಏಟಿಗೆ ಪರಿಹಾರ. ಇಷ್ಟು ತ್ವರಿತವಾಗಿ ವಿಲೇವಾರಿಯಾದ ಬೇರೆ ಅರ್ಜಿ ಯಾವುದಿದೆ, ಹೇಳಿ ನೋಡೋಣ.

ಉಳಿದದ್ದರ ನೆನಪಿಗೆ ಪ್ರತಿ ಫೆಬ್ರುವರಿ 2ರಂದು ವಿಶ್ವ ಜೌಗುಭೂಮಿ ದಿನಾಚರಣೆ ಇದ್ದೇ ಇದೆ. 2022ರಿಂದ ವಿಶ್ವಸಂಸ್ಥೆಯ ಮುದ್ರೆಯೂ ಬಿದ್ದಿರುವುದರಿಂದ ಸರಳವಾಗಿ ಮುಗಿಸುವ ಹಾಗಿಲ್ಲ. ಮುಖ್ಯ ಅತಿಥಿಗಳು ನೀರಿಗೆ ಮುಖ ಮಾಡಿ ಮಾತಾಡಬೇಕು, ಹಿನ್ನೆಲೆಯಲ್ಲಿ ಹಕ್ಕಿಗಳು ಬರಬೇಕು. ಹಾಗಾದರೆ ಅತಿಥಿಗಳ ಬೆನ್ನು ಯಾವ ಕಡೆಗೆ ಎಂಬ ಚರ್ಚೆಯಲ್ಲೇ ಪೂರ್ವಭಾವಿ ಸಭೆ ಮುಗಿಯುತ್ತದೆ. ಅಂತೂ ವೇದಿಕೆ ದಡದಲ್ಲೇ ಎಂದು ತೀರ್ಮಾನ. ಶಾಮಿಯಾನದವರು ಬಂದು ಕಂಬ ಊರಿದರೆ ಕಂಬ ನಿಲ್ಲುವುದಿಲ್ಲ, ಕುರ್ಚಿ ಇಟ್ಟರೆ ಕಾಲು ಹೂತುಹೋಗುತ್ತದೆ. ಅತಿಥಿಗಳು ಕೂತ ಕೂತಲ್ಲೇ ಇಳಿಯತೊಡಗಿದರೆ ಗತಿಯೇನು? ರಾತ್ರೋರಾತ್ರಿ ಫೋನು ಹೋಗುತ್ತದೆ, ಹನ್ನೆರಡು ಲೋಡು ಗಟ್ಟಿ ಮಣ್ಣು ಬಂದು ಬೀಳುತ್ತದೆ, ರೋಲರ್ ಓಡುತ್ತದೆ. ಬೆಳಿಗ್ಗೆ ಅದರ ಮೇಲೆ ಕೆಂಪು ಹಾಸು, ‘ಜೌಗುಭೂಮಿ ಉಳಿಸೋಣ’ ಎಂಬ ಬ್ಯಾನರು, ಮಕ್ಕಳ ಕೈಯಲ್ಲಿ ಬಲೂನು. ಜನರೇಟರ್ ಶುರುವಾದ ಕೂಡಲೇ ಹಿನ್ನೆಲೆಗೆ ಬೇಕಾಗಿದ್ದ ಹಕ್ಕಿಗಳೆಲ್ಲ ಎದ್ದು ಹೋಗುತ್ತವೆ. ಎರಡು ಫೈಬರ್ ಕೊಕ್ಕರೆಗಳನ್ನು ಹೊತ್ತು ತಂದು ವೇದಿಕೆಯ ಅಕ್ಕಪಕ್ಕ ನಿಲ್ಲಿಸುತ್ತಾರೆ. ಭಾಷಣ ಚೆನ್ನಾಗಿಯೇ ಆಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಆ ಮಣ್ಣನ್ನು ತೆಗೆಸುವುದು ಯಾರು ಎಂದು ವಾಚರ್ ಕೇಳುತ್ತಾನೆ. ತೆಗೆಯುವುದು ಬೇಡವೆಂದು ತಿಳಿಸಲಾಗುತ್ತದೆ. ಮುಂದಿನ ವರ್ಷವೂ ದಿನಾಚರಣೆ ಇದೆ. ಅಲ್ಲಿಯವರೆಗೆ ಕಾರು ನಿಲ್ಲಿಸಿಕೊಳ್ಳಲು ಅನುಕೂಲ.