ಎಂವೈ ಅಕ್ಷರಗಳ ಹಳೆಯ ಫಲಕ

ಚಿಕ್ಕಮಗಳೂರಿನ ನಮ್ಮ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಅಜ್ಜನ 1960ರ ಅಂಬಾಸಡರ್ ಇದೆ. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳನ್ನು ಕೈಯಲ್ಲೇ ಬರೆದ ಅದರ ಕಪ್ಪು ನಂಬರ್ ಫಲಕದ ಬಣ್ಣ ಈಗ ಚಕ್ಕೆಯೇಳುತ್ತಿದೆ. 50 ವರ್ಷ ದಾಟಿದ, ಮೂಲ ಸ್ವರೂಪ ಕೆಡದ ವಾಹನಗಳಿಗೆ ವಿಂಟೇಜ್ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲೇ ತಂದಿದ್ದು, ಮೊದಲೇ ನೋಂದಣಿಯಾದ ವಾಹನಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದೆಂದೂ ಅದರಲ್ಲಿದೆ. ಹೀಗಿದ್ದರೂ ಆ ನೋಂದಣಿಗೆಂದು ಹೋದಾಗ ಸಾರಿಗೆ ಕಚೇರಿಯಲ್ಲಿ ಒಬ್ಬರು ಅರ್ಜಿ ಸರಿಯಿಲ್ಲವೆಂದು, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಈ ಸಂಖ್ಯೆಯೇ ಇಲ್ಲವೆಂದು ನನ್ನನ್ನು ಮೂರು ಬಾರಿ ವಾಪಸ್ ಕಳುಹಿಸಿದರು. ಮಡಿಕೆಯಲ್ಲಿ ಹರಿದು, ಮೊಹರಿನ ನೇರಳೆ ಶಾಯಿ ಮಾಸಿದ ಆರ್‌ಸಿ ಪುಸ್ತಕವನ್ನು ಯಾರೂ ಬಿಡಿಸಿಯೂ ನೋಡಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ. ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸದೇ ಬಿಟ್ಟವರು ನಾವಲ್ಲ, ಅದಕ್ಕಾಗಿ ಅಜ್ಜನ ಕಾರು ಏಕೆ ದಾಖಲೆಯಿಲ್ಲದ ವಾಹನವೆನಿಸಿಕೊಳ್ಳಬೇಕು?