ಗೌರಿಗೆ ಶನಿವಾರ ಒಪ್ಪತ್ತು

ನಮ್ಮತ್ತೆಯವರ ಲೆಕ್ಕದಲ್ಲಿ ಈ ಜಗತ್ತಿನಲ್ಲಿರುವುದು ಎರಡೇ ಬಗೆಯ ಜೀವಿಗಳು: ಉಂಡವು, ಇನ್ನೂ ಉಣ್ಣದವು. ಕೊರಿಯರ್ ಹುಡುಗ, ಕೇಬಲ್ಲಿನವನು, ಗೇಟಿನ ಹತ್ತಿರ ಬಂದು ನಿಲ್ಲುವ ಹಸು, ಪಾಲಿಸಿ ಬೇಡವೆಂದರೂ ಏಳದೆ ಕೂತ ಏಜೆಂಟು, ಎಲ್ಲರನ್ನೂ ಅವರು ಮೊದಲನೇ ಗುಂಪಿಗೆ ಸೇರಿಸಿಯೇ ಕಳಿಸುವುದು. ಇಂಥ ಮನೆಗೆ ಹೊಟ್ಟೆಯೇ ಇಲ್ಲದ ಪ್ರಾಣಿಯೊಂದು ಬಂದು ಸೇರಿದರೆ ಏನಾಗಬೇಡ?

ಹೊಟ್ಟೆಯಿಲ್ಲ ಅಂದದ್ದು ಮಾತಿನ ಚಂದಕ್ಕಲ್ಲ. ಗೋಲ್ಡ್‌ಫಿಶ್‌ಗೆ ನಿಜವಾಗಿಯೂ ಜಠರವಿಲ್ಲ. ಬಾಯಿಗೆ ಹೋದದ್ದು ಗಂಟಲಲ್ಲಿ ಅರೆದು (ಹೌದು, ಅದರ ಹಲ್ಲಿರುವುದು ಗಂಟಲಲ್ಲಿ) ನೇರ ಕರುಳಿಗೆ ಇಳಿಯುತ್ತದೆ. ಕೂಡಿಟ್ಟುಕೊಳ್ಳುವುದಕ್ಕೆ ಜಾಗವಿಲ್ಲದ್ದರಿಂದ ಬೆಳಗಿನಿಂದ ರಾತ್ರಿಯವರೆಗೆ ಏನಾದರೂ ಕೆದಕಿ ತಿನ್ನುತ್ತಿರುವುದೇ ಅದರ ಕಸುಬು. ಸಾಕು ಅನ್ನುವುದು ಅದರ ಜಾಯಮಾನದಲ್ಲೇ ಇಲ್ಲ. ಬಡಿಸಿದ್ದನ್ನು ಬೇಡವೆನ್ನದ ಅತಿಥಿ ಮತ್ತು ಬಡಿಸುವುದನ್ನು ನಿಲ್ಲಿಸದ ನಮ್ಮತ್ತೆ ಒಂದೇ ಸೂರಿನಡಿ ಸೇರಿದ್ದು ಪೂರ್ವಜನ್ಮದ ಋಣವೇ ಇರಬೇಕು.

ಇದೆಲ್ಲ ಶುರುವಾದದ್ದು ದಸರೆಯಿಂದ. ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಪಕ್ಕ ಒಂದು ಪಾರ್ಕು ಮಾಡುವುದುಂಟು. ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಪೈರು ಬರಿಸಿದರೆ ಅದು ಹುಲ್ಲುಹಾಸು. ಹಳೆಯ ಕನ್ನಡಿ ಮಲಗಿಸಿ ಸುತ್ತ ಮರಳು ಸುರಿದರೆ ಅದು ಕೊಳ. ಕೊಳದ ಮೇಲೊಂದು ಪ್ಲಾಸ್ಟಿಕ್ ಬಾತುಕೋಳಿ. ಆ ವರ್ಷ ಎದುರು ಮನೆಯವರು ಕನ್ನಡಿ ಬಿಟ್ಟು ಟಬ್ಬಿಗೆ ನೀರು ತುಂಬಿ, ಪುಟ್ಟ ಮೋಟರು ಇಟ್ಟು ಕಾರಂಜಿ ಚಿಮ್ಮಿಸಿಬಿಟ್ಟರು. ಅರಿಶಿನ ಕುಂಕುಮಕ್ಕೆ ಹೋಗಿ ಅದನ್ನು ನೋಡಿ ಬಂದ ಅತ್ತೆ ರಾತ್ರಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ, “ನಮ್ಮ ಕೊಳದಲ್ಲಿ ಜೀವ ಇರೋ ಮೀನಿರಬೇಕು” ಅಂದರು. ಮಗ ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಅಂಗಡಿಯವನು ಒಂದು ಗುಂಡು ಗಾಜಿನ ಬಟ್ಟಲು, ಒಂದು ಮುಷ್ಟಿ ನೀಲಿ ಕಲ್ಲು, ಪಾಲಿಥೀನ್ ಚೀಲದಲ್ಲಿ ಮೂರು ಮೀನು ಕೊಟ್ಟು, “ಮೇಂಟೆನೆನ್ಸೇ ಇಲ್ಲ ಮೇಡಂ, ದಿನಾ ಎರಡು ಕಾಳು ಹಾಕಿ, ನೀರು ಬದಲಾಯಿಸಿ, ಅಷ್ಟೇ” ಅಂದ. ಈ ‘ಅಷ್ಟೇ’ ಅನ್ನುವ ಮಾತನ್ನು ಮೀನಿನ ಅಂಗಡಿಯವರು, ಟೈಲ್ಸ್ ಹಾಕುವವರು ಮತ್ತು ಹಲ್ಲಿನ ಡಾಕ್ಟರುಗಳು ಹೇಳದಂತೆ ಕಾನೂನು ಬರಬೇಕು.

ಮೂರಕ್ಕೂ ದಾರಿಯಲ್ಲೇ ನಾಮಕರಣವಾಯಿತು. ಮೈಯೆಲ್ಲ ಬಿಳಿ, ನೆತ್ತಿಯ ಮೇಲೆ ಮಾತ್ರ ಕೆಂಪು ಟೊಪ್ಪಿಗೆಯಿದ್ದ ಒರಾಂಡಾ ಜಾತಿಯದ್ದನ್ನು ನೋಡಿದ ಕೂಡಲೇ ಅತ್ತೆ, “ಅಯ್ಯೋ, ಕುಂಕುಮ ಇಟ್ಕೊಂಡೇ ಬಂದಿದೆಯಲ್ಲೋ!” ಎಂದು ಗೌರಿ ಅಂತ ಕರೆದರು. ಕಪ್ಪಗೆ, ಎರಡೂ ಕಣ್ಣು ಆಚೆಗೆ ಉಬ್ಬಿಸಿಕೊಂಡಿದ್ದ ಬ್ಲ್ಯಾಕ್ ಮೂರ್‌ಗೆ ಚಾಮುಂಡಿ ಬೆಟ್ಟದ ದಾರಿ ಬಲ್ಲವರು ಮಹಿಷ ಅಂತಲ್ಲದೆ ಇನ್ನೇನು ಹೆಸರಿಟ್ಟಾರು? ಮೂರನೆಯದು ಸಾದಾ ಕಿತ್ತಳೆ ಬಣ್ಣದ್ದು, ಉದ್ದ ಬಾಲ, ನಿಂತಲ್ಲಿ ನಿಲ್ಲದು. ಮಹಿಷನನ್ನು ಬಟ್ಟಲಿನ ಸುತ್ತ ಅಟ್ಟಾಡಿಸುವುದೇ ಅದರ ಕೆಲಸವಾದ್ದರಿಂದ ಚಾಮುಂಡಿ ಎಂದಾಯಿತು. ಮಗ ಅದನ್ನು ಚಾಮುಂಡಿ ಎಕ್ಸ್‌ಪ್ರೆಸ್ ಅನ್ನುತ್ತಾನೆ.

ಗೊಂಬೆಗಳು ಪೆಟ್ಟಿಗೆ ಸೇರಿದವು, ಮೀನುಗಳು ಉಳಿದವು. ಆಗ ಬಟ್ಟಲು ಸಾಲದು ಅನ್ನುವುದು ಗೊತ್ತಾಯಿತು. ಬಟ್ಟಲಿನ ಬಾಯಿ ಕಿರಿದು, ಗಾಳಿ ತಾಗುವ ನೀರು ಕಡಿಮೆ, ಮೀನುಗಳು ಮೇಲೆ ಬಂದು ಬಾಯಿ ಪಚಪಚ ಮಾಡುತ್ತಿದ್ದವು. ಅತ್ತೆ ಅದನ್ನು ಹಸಿವು ಎಂದು ಓದಿಕೊಂಡು ಇನ್ನೆರಡು ಕಾಳು ಹಾಕುತ್ತಿದ್ದರು. ಈ ಗುಂಡು ಗೋಲ್ಡ್‌ಫಿಶ್‌ಗಳೇ ಅಂಗೈಯುದ್ದ ಬೆಳೆಯುತ್ತವೆ, ಚಾಮುಂಡಿಯ ಜಾತಿಯದ್ದು ಕೊಳದಲ್ಲಿ ಬಿಟ್ಟರೆ ಅಡಿಯುದ್ದವೂ ಆದೀತು. ಮೊದಲ ಮೀನಿಗೆ 75 ಲೀಟರ್, ಆಮೇಲೆ ಒಂದೊಂದಕ್ಕೆ 40 ಲೀಟರ್ ಎಂಬುದು ಸಾಕುವವರ ವಾಡಿಕೆಯ ಲೆಕ್ಕ. ನೂರೈವತ್ತು ಲೀಟರು ನೀರೆಂದರೆ ನೂರೈವತ್ತು ಕಿಲೋ, ಗಾಜು ಕಲ್ಲು ಬೇರೆ. ಟಿವಿಯ ಸ್ಟ್ಯಾಂಡು ತಾಳುವುದಿಲ್ಲವೆಂದು ಬಡಗಿ ಬಂದ. ವಾಸ್ತು ಬಲ್ಲ ದೊಡ್ಡಪ್ಪ ಫೋನಿನಲ್ಲೇ ಈಶಾನ್ಯ ಅಂದರು. ಈಶಾನ್ಯದಲ್ಲಿದ್ದ ಟಿವಿ ನೈರುತ್ಯಕ್ಕೆ ಹೋಯಿತು. ಈಗ ಕ್ರಿಕೆಟ್ ನೋಡಬೇಕೆಂದರೆ ನಮ್ಮನೆಯವರು ಊಟದ ಮೇಜಿನ ಕೆಳಗಿನಿಂದ ಕತ್ತು ಚಾಚಬೇಕು.

ಮೀನು ಸಾಕುವುದೆಂದರೆ ಅಸಲಿಗೆ ನೀರು ಸಾಕುವುದು. ಮೀನು ತನ್ನ ಕಿವಿರುಗಳಿಂದಲೇ ಅಮೋನಿಯಾ ಬಿಡುತ್ತಿರುತ್ತದೆ, ತಿನ್ನದೆ ಉಳಿದ ಕಾಳು ಕೊಳೆತರೆ ಇನ್ನಷ್ಟು ಅಮೋನಿಯಾ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ನಿಟ್ಟುಸಿರು ಬಿಡಬಹುದು. ಈ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಅವು ಹೆಚ್ಚಾಗಿ ಬೀಡುಬಿಡುವುದು ಫಿಲ್ಟರಿನ ಸ್ಪಂಜಿನಲ್ಲಿ. ಆ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆ ಲೋಳೆಯಾಗಿ ಅಸಹ್ಯವಾದಷ್ಟೂ ಒಳ್ಳೆಯದು.

ಈ ಸೂಕ್ಷ್ಮ ನಮ್ಮನೆಯವರಿಗೆ ತಿಳಿಯದು. ಮನೆಗೆಲಸದಲ್ಲಿ ಕೈಜೋಡಿಸುವುದಿಲ್ಲವೆಂಬ ಅಪವಾದ ಕಳೆದುಕೊಳ್ಳಲು ಅವರು ಆರಿಸಿಕೊಂಡದ್ದು, ಸ್ಪಂಜಿಗೆ ಇನ್ನೇನು ಒಳ್ಳೆಯ ಕಾಲ ಬಂತು ಅನ್ನುವಾಗಿನ ಒಂದು ಭಾನುವಾರವನ್ನು. ನಾನು ತರಕಾರಿ ತೆಗೆದುಕೊಂಡು ಬರುವಷ್ಟರಲ್ಲಿ ಫಿಲ್ಟರನ್ನು ಬಿಚ್ಚಿ, ಸ್ಪಂಜಿಗೆ ಪಾತ್ರೆ ಸೋಪು ಹಾಕಿ ಹಿಂಡಿ ಹಿಂಡಿ, ಅಂಗಡಿಯಿಂದ ತಂದಾಗ ಇದ್ದದ್ದಕ್ಕಿಂತ ಬೆಳ್ಳಗೆ ಮಾಡಿ, ಟೆರೇಸಿನ ತಂತಿಗೆ ಕ್ಲಿಪ್ಪು ಹಾಕಿ ಬನಿಯನ್ನಿನ ಪಕ್ಕದಲ್ಲಿ ಒಣಗಿಸಿದ್ದರು. “ಹೇಗಿದೆ?” ಎಂದು ಕೇಳಿದಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿ ಬೈಯುವ ಮನಸ್ಸಾಗಲಿಲ್ಲ. ಬೈದೆ, ಆದರೆ ಮನಸ್ಸಿಲ್ಲದೆ. ಎರಡನೇ ದಿನಕ್ಕೆ ನೀರು ಬೆಳ್ಳಗೆ ಮಬ್ಬಾಗಿ ಮಹಿಷ ಎಲ್ಲಿದ್ದಾನೆಂದೇ ತಿಳಿಯದಾಯಿತು. ಮತ್ತೆ ಮೊದಲಿನಿಂದ ವಾರಗಳ ಕಾಯುವಿಕೆ, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಾಯಿಸುವ ಕೆಲಸ.

ಆ ನೀರೂ ನಲ್ಲಿಯಿಂದ ನೇರ ಹಾಕುವ ಹಾಗಿಲ್ಲ. ಕ್ಲೋರಿನ್ ಇರುತ್ತದೆ, ಅದು ಕಿವಿರನ್ನೂ ಸುಡುತ್ತದೆ, ಆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಿಡಿದು ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಹಾಗಾಗಿ ಬಚ್ಚಲಲ್ಲಿ ಎರಡು ಬಕೆಟ್ಟು ಸದಾ ತುಂಬಿ ನಿಂತಿರುತ್ತವೆ. ಊರಿಂದ ಬಂದ ಮೈದುನ, ಅತ್ತಿಗೆ ಎಷ್ಟು ಮುತುವರ್ಜಿಯಿಂದ ತನಗಾಗಿ ನೀರು ಹಿಡಿದಿಟ್ಟಿದ್ದಾರೆಂದು ಎರಡೂ ಬಕೆಟ್ಟು ಖಾಲಿ ಮಾಡಿ ಸ್ನಾನ ಮುಗಿಸಿ ಬಂದು, “ಅತ್ಗೆ, ನೀರು ಸ್ವಲ್ಪ ತಣ್ಣಗಿತ್ತು” ಅಂದ. ಮೀನುಗಳಿಗೆ ಅಂತ ಹೇಳಿದರೆ ಬೇಜಾರಾದೀತೆಂದು ಸುಮ್ಮನಿದ್ದೆ. ಮಗ ಸುಮ್ಮನಿರಲಿಲ್ಲ.

ಆದರೂ ಇವೆಲ್ಲ ಸಣ್ಣಪುಟ್ಟ ತೊಂದರೆ. ದೊಡ್ಡ ತೊಂದರೆ ಊಟದ್ದೇ.

ಗೋಲ್ಡ್‌ಫಿಶ್‌ಗೆ ಮೂರು ಸೆಕೆಂಡಿನ ನೆನಪು ಅನ್ನುವುದು ಶುದ್ಧ ಸುಳ್ಳು. ಯಾವ ಸದ್ದಿಗೆ ಊಟ ಬರುತ್ತದೆ ಎಂದು ಕಲಿತು, ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ನಮ್ಮವಕ್ಕೆ ಅತ್ತೆಯ ಬಳೆ ಸದ್ದು ಗೊತ್ತು, ಡಬ್ಬಿ ಮುಚ್ಚಳದ ಸದ್ದು ಗೊತ್ತು. ಯಾರು ಹಾದುಹೋದರೂ ಮೂರೂ ಗಾಜಿಗೆ ಮೂತಿಯಿಟ್ಟು, ಜನ್ಮದಲ್ಲಿ ಅನ್ನ ಕಂಡಿಲ್ಲವೆನ್ನುವಂತೆ ಬಾಲ ಕುಣಿಸುತ್ತವೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ನಮ್ಮನೆಯವರು ಒಂದು ಚಿಟಿಕೆ. ಸ್ಕೂಲಿಗೆ ಹೊರಟ ಮಗ ಒಂದು ಚಿಟಿಕೆ. ಪೂಜೆ ಮುಗಿಸಿದ ಅತ್ತೆ ಒಂದು ಚಿಟಿಕೆ, ಮಹಿಷನಿಗೆ ಕಣ್ಣು ದೊಡ್ಡದಾದರೂ ದೃಷ್ಟಿ ಮಂದ, ಪಾಪ ಅವನ ಪಾಲನ್ನು ಚಾಮುಂಡಿ ಕಸಿಯುತ್ತಾಳೆಂದು ಅವನಿಗೆ ಬೇರೆ ಒಂದು ಚಿಟಿಕೆ. ಪ್ರತಿಯೊಬ್ಬರೂ ತಾವೇ ಮೊದಲು ಹಾಕಿದ್ದೆಂದು ತಿಳಿದಿದ್ದಾರೆ. ರಾತ್ರಿಯೂ ಬಿಡುವಿಲ್ಲ. ಈ ಮೀನುಗಳಿಗೆ ರೆಪ್ಪೆಯಿಲ್ಲ, ಕಣ್ಣು ಬಿಟ್ಟುಕೊಂಡೇ ನಿದ್ದೆ. ನೀರು ಕುಡಿಯಲು ಎದ್ದ ಅತ್ತೆ ಟ್ಯಾಂಕಿನ ಮುಂದೆ ನಿಂತು, “ನೋಡು, ಹಸಿವಿಗೆ ನಿದ್ದೇನೇ ಬಂದಿಲ್ಲ ಇವಕ್ಕೆ” ಎಂದು ಮರುಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹಿಂದೆಯೇ ಡಬ್ಬಿ ಮುಚ್ಚಳದ ಸದ್ದನ್ನೂ.

ಮಧ್ಯೆ ಒಂದು ಧರ್ಮಸಂಕಟ ಬೇರೆ ಬಂತು. ಮಗ ಡಬ್ಬಿಯ ಹಿಂದಿನ ಅಕ್ಷರ ಕೂಡಿಸಿ ಓದುತ್ತಾ, “ಅಜ್ಜಿ, ಇದರಲ್ಲಿ ಮೀನಿನ ಪುಡಿ ಇದೆ, ಸಿಗಡಿ ಪುಡಿನೂ ಇದೆ” ಅಂದ. ಅತ್ತೆ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಲಿನ ಕಟ್ಟೆಗೆ ಇಟ್ಟು ಬಂದು ಕೈ ತೊಳೆದರು. ಮೀನಿಗೆ ಮೀನು ತಿನ್ನಿಸುವುದು ಯಾವ ನ್ಯಾಯ ಎಂದು ಅವರು ಕೇಳಿದ್ದಕ್ಕೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಅಂದಿನಿಂದ ಅನ್ನದ ಅಗುಳು, ದೋಸೆ ಚೂರು, ನೈವೇದ್ಯದ ಕೋಸಂಬರಿಯಿಂದ ಆರಿಸಿದ ಹೆಸರುಬೇಳೆ ಟ್ಯಾಂಕಿನ ತಳ ಸೇರತೊಡಗಿದವು.

ಒಂದು ಬೆಳಿಗ್ಗೆ ಗೌರಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಮಗ ಅಳತೊಡಗಿದ. ಅತ್ತೆ ದೇವರ ಮನೆಗೆ ಹೋಗಿ ಕಾಶಿಯಿಂದ ತಂದ ಗಂಗಾಜಲದ ತಂಬಿಗೆ ಹಿಡಿದು ಬಂದರು. ಬಂದವರು ಟ್ಯಾಂಕಿನ ಮುಂದೆ ನಿಂತುಬಿಟ್ಟರು. ನೀರೊಳಗೇ ಇರುವ ಜೀವಕ್ಕೆ ಬಾಯಿಗೆ ನೀರು ಬಿಡುವುದು ಹೇಗೆ? ಅಷ್ಟರಲ್ಲಿ ಗೌರಿ ತಲೆಕೆಳಗಾಗಿಯೇ ಈಜಿಕೊಂಡು ಬಂದು, ಬಳೆ ಸದ್ದಾಯಿತಲ್ಲ, ಬಾಯಿ ತೆರೆಯಿತು.

ಗುಂಡು ಮೈಯ ಗೋಲ್ಡ್‌ಫಿಶ್‌ಗಳಿಗೆ ಇದು ಆಗಾಗ ಬರುವ ಕಾಯಿಲೆ. ಒಳಗೆ ಅಂಗಾಂಗಗಳೆಲ್ಲ ಒತ್ತೊತ್ತಾಗಿರುವುದರಿಂದ ತಿಂದದ್ದು ಹೆಚ್ಚಾಗಿ ಕರುಳು ಉಬ್ಬಿದರೆ, ನೀರಲ್ಲಿ ಸಮತೋಲ ಕಾಯುವ ಗಾಳಿಚೀಲ ಅದುಮಿಹೋಗಿ ಮೀನು ಮಗುಚುತ್ತದೆ. ಪಶುವೈದ್ಯಕೀಯ ಓದುತ್ತಿರುವ ಪಕ್ಕದ ಮನೆಯ ಹುಡುಗಿ ಬಂದು ನೋಡಿ, “ಆಂಟಿ, ಎರಡು ಮೂರು ದಿನ ಏನೂ ಹಾಕಬೇಡಿ. ಆಮೇಲೆ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು ಚೂರು ಚೂರೇ ಕೊಡಿ. ವಾರಕ್ಕೊಂದು ದಿನ ಉಪವಾಸ ಹಾಕಿದ್ರೆ ಇನ್ನೂ ಒಳ್ಳೇದು” ಅಂದಳು.

ಏನೂ ಹಾಕಬೇಡಿ! ಅತ್ತೆ ಆ ಹುಡುಗಿಯನ್ನು ನೋಡಿದ ನೋಟಕ್ಕೆ ಅವಳು ಕಾಫಿ ಅರ್ಧಕ್ಕೇ ಬಿಟ್ಟು ಹೊರಟಳು. ಆದರೆ ಆಕೆಯ ಬಾಯಲ್ಲಿ ಬಂದ ಒಂದು ಪದ ನನಗೆ ಹಿಡಿಸಿತು. “ಅತ್ತೆ, ಅವಳು ಹೇಳಿದ್ದು ಉಪವಾಸ. ನಾವು ಮಾಡಲ್ವೇ, ಹಾಗೆ” ಅಂದೆ. ಅತ್ತೆಯ ಮುಖ ಸಡಿಲಾಯಿತು. ಹಸಿದಿರುವುದು ಬೇರೆ, ವ್ರತ ಹಿಡಿಯುವುದು ಬೇರೆ. ಏಕಾದಶಿ ಅಂದರು, ಅದು ಹದಿನೈದು ದಿನಕ್ಕೊಮ್ಮೆ, ಸಾಲದು ಅಂದೆ. ಕೊನೆಗೆ ಶನಿವಾರ ಒಪ್ಪತ್ತು ಎಂದು ನಿಷ್ಕರ್ಷೆಯಾಯಿತು. ಮೊದಲ ಶನಿವಾರವೇ ಸಂಜೆ ಅವರು ಅವಲಕ್ಕಿ ನೆನೆಸಿಕೊಂಡು ಬಂದರು, ಒಪ್ಪತ್ತೆಂದರೆ ರಾತ್ರಿ ಫಲಾಹಾರಕ್ಕೆ ದೋಷವಿಲ್ಲವಂತೆ. ಮೀನುಗಳದ್ದು ನಿರಾಹಾರ ಒಪ್ಪತ್ತು ಎಂದು ತಿದ್ದುಪಡಿ ತರಬೇಕಾಯಿತು. ಬಟಾಣಿಗೆ ಮಾತ್ರ ಅವರ ಪೂರ್ಣ ಸಮ್ಮತಿ, ಅದು ಅಪ್ಪಟ ಸಸ್ಯಾಹಾರ. ಒಂದೊಂದು ಕಾಳಿನ ಸಿಪ್ಪೆ ಬಿಡಿಸಿ, ಬೆರಳ ತುದಿಯಲ್ಲಿ ಮಸೆದು ಕೊಡುವಾಗ ಮೊಮ್ಮಗನಿಗೂ ಅಷ್ಟು ಸಹನೆಯಿಂದ ತಿನ್ನಿಸಿರಲಿಕ್ಕಿಲ್ಲ. ಬಟಾಣಿಯೊಂದರಲ್ಲೇ ಹೊಟ್ಟೆ ತುಂಬದೆಂದು ಹಿತ್ತಲಿನ ಡಬ್ಬಿಯನ್ನು ನಾನು ಮೆಲ್ಲಗೆ ಒಳಗೆ ತಂದಿದ್ದೇನೆ. ಅದರ ಮೇಲಿನ ಚೀಟಿ ಕಿತ್ತಿದ್ದೇನೆ. ಗೌರಿ ನೆಟ್ಟಗಾಗಿದೆ.

ನೆಟ್ಟಗಾದ ಖುಷಿಯಲ್ಲಿ ಮಗ ಗೋಲ್ಡ್‌ಫಿಶ್ ಆಯುಸ್ಸು ಹುಡುಕಿದ. 1956ರಲ್ಲಿ ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿದೆ. ಸರಿಯಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಸಾಧಾರಣ. ನಮ್ಮನೆಯವರು ಮನಸ್ಸಿನಲ್ಲೇ ಕೂಡಿ ಕಳೆದು, ಮನೆ ಸಾಲ ಇವಕ್ಕಿಂತ ಬೇಗ ತೀರುತ್ತದೆ ಅಂದರು. ಅವರ ಆಫೀಸಿನ ಮಂಗಳೂರಿನ ಗೆಳೆಯರೊಬ್ಬರು ಊಟಕ್ಕೆ ಬಂದವರು ಟ್ಯಾಂಕನ್ನು ಬಹಳ ಹೊತ್ತು ನೋಡಿ, “ಇದು ಗೆಂಡೆ ಜಾತಿಯಲ್ವಾ ಮಾರಾಯ್ರೆ? ಬರೀ ಮುಳ್ಳು” ಎಂದು ತೀರ್ಪು ಕೊಟ್ಟರು. ಮಾತು ನಿಜ, ಚೀನಾದವರು ಸಾವಿರ ವರ್ಷಕ್ಕೂ ಹಿಂದೆ ಗೆಂಡೆಯ ಸಂಬಂಧಿಯೊಂದನ್ನು ಬಣ್ಣ ನೋಡಿ ಆರಿಸಿ ಬೆಳೆಸಿದ್ದೇ ಇವು. ಆದರೆ ಅವತ್ತು ಅತ್ತೆ ಅವರಿಗೆ ಎರಡನೇ ಸಲ ಪಾಯಸ ಬಡಿಸಲಿಲ್ಲ. ನಮ್ಮ ಮನೆಯ ಇತಿಹಾಸದಲ್ಲೇ ಇಂಥದ್ದು ಆಗಿರಲಿಲ್ಲ.

ಮಹಿಷನ ಕಪ್ಪು ಈಗೀಗ ಹೊಟ್ಟೆಯ ಕಡೆಯಿಂದ ಬಿಡುತ್ತಾ ಹೊಂಬಣ್ಣಕ್ಕೆ ತಿರುಗುತ್ತಿದೆ. ಬ್ಲ್ಯಾಕ್ ಮೂರ್‌ಗಳಲ್ಲಿ ವಯಸ್ಸಾದಂತೆ ಹೀಗಾಗುವುದುಂಟು. ಅತ್ತೆ ಇದನ್ನು ಶನಿವಾರದ ಫಲ ಅನ್ನುತ್ತಾರೆ.

ಮೊನ್ನೆ ಗೌರಿಯ ಕಿವಿರಿನ ಮುಚ್ಚಳದ ಮೇಲೆ ರವೆ ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು ಕಂಡವು. ಚುಕ್ಕೆ ರೋಗವೆಂದು ಹೆದರಿ ಅದೇ ಹುಡುಗಿಯನ್ನು ಕರೆಸಿದೆವು. ಅವಳು ಟಾರ್ಚು ಬಿಟ್ಟು ನೋಡಿ, ಮುಂದಿನ ರೆಕ್ಕೆಯ ಅಂಚಿನಲ್ಲೂ ಅದೇ ಸಾಲು ಚುಕ್ಕೆ ತೋರಿಸಿ, “ಕಾಯಿಲೆ ಅಲ್ಲ ಆಂಟಿ. ಬೆದೆಗೆ ಬಂದಾಗ ಗಂಡು ಮೀನಿಗೆ ಹೀಗಾಗುತ್ತೆ. ಇದು ಗಂಡು” ಅಂದಳು.

ಕುಂಕುಮ ಇಟ್ಟುಕೊಂಡ ಗೌರಿ ಗಂಡು! ಮಗ ಬಿದ್ದು ಬಿದ್ದು ನಕ್ಕ. ಇನ್ನು ಮೇಲೆ ಗೌರೀಶ ಅನ್ನೋಣ ಅಂದ. ನಮ್ಮನೆಯವರು ಪೇಪರಿನ ಹಿಂದಿನಿಂದ, ಗಂಡಸಾದರೆ ಈ ಒಪ್ಪತ್ತು ಗಿಪ್ಪತ್ತಿನಿಂದ ರಿಯಾಯಿತಿ ಕೊಡಬಹುದಲ್ಲ ಎಂದು ಗೊಣಗಿದರು.

ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ತಮ್ಮ ಮಗನ ಹೊಟ್ಟೆಯನ್ನೊಮ್ಮೆ ನೋಡಿದರು. “ಗಂಡಸರಿಗೇ ಕಣೋ ಮುಖ್ಯವಾಗಿ ಬೇಕಿರೋದು. ಈ ಶನಿವಾರದಿಂದ ನೀನೂ ಹಿಡಿ.”