ಜಪ್ತಿ ನೋಟಿಸ್ ಬರುವ ಮೊದಲು ನೆರವು ಬರಲಿ

ಮನೆ ಸಾಲದ ಕಂತು ತಪ್ಪಿದವರನ್ನೆಲ್ಲ ಮೋಸಗಾರರಂತೆ ನೋಡುವುದನ್ನು ಮೊದಲು ಬಿಡೋಣ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಕಂತು ಕಟ್ಟಲಾಗದವರು ಯಾರು? ಗಲ್ಫಿನಲ್ಲಿ ಕೆಲಸ ಹೋಗಿ ಊರಿಗೆ ಬಂದವರು. ಕೊಳೆರೋಗ, ಎಲೆಚುಕ್ಕಿ ರೋಗಕ್ಕೆ ಅಡಿಕೆ ಫಸಲು ಕಳಕೊಂಡವರು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದು ಮಂಗಳೂರಿನ ಆಸ್ಪತ್ರೆಗೆ ದುಡ್ಡು ಸುರಿದವರು. ಇವರಿಗೆ ಸಾಲ ತೀರಿಸುವ ಮನಸ್ಸಿದೆ, ಕೈಯಲ್ಲಿ ಕಾಸಿಲ್ಲ ಅಷ್ಟೇ.

90 ದಿನ ಕಂತು ಬಾಕಿಯಾದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ. ಆಮೇಲೆ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫಾಸಿ ಕಾಯ್ದೆಯ ನೋಟಿಸ್. 60 ದಿನದೊಳಗೆ ಬಾಕಿ ಪೂರ್ತಿ ಕಟ್ಟದಿದ್ದರೆ ಬ್ಯಾಂಕು ಮನೆ ವಶಪಡಿಸಿಕೊಳ್ಳಬಹುದು. ಅದಕ್ಕೆ ಕೋರ್ಟಿನಲ್ಲಿ ಕೇಸು ಹಾಕಿ ಗೆಲ್ಲಬೇಕೆಂದಿಲ್ಲ. ತಕರಾರಿದ್ದರೆ ನಾವೇ ಎರ್ನಾಕುಳಂನ ಸಾಲ ವಸೂಲಿ ಟ್ರಿಬ್ಯೂನಲ್‌ಗೆ ಹೋಗಬೇಕು. ದಿನಗೂಲಿಯವರು ಅಷ್ಟು ದೂರ ಎಷ್ಟು ಸಲ ಹೋಗಿಬರಲು ಸಾಧ್ಯ?

ಇಂಥ ಒಂದು ನೋಟಿಸ್ ಓದಿ ಹೇಳಲು ನೆರೆಮನೆಯವರು ನನ್ನನ್ನು ಕರೆದಿದ್ದರು. ಬ್ಯಾಂಕಿನವರು ಅದನ್ನು ಇನ್ನೂ ಸಾರಣೆ ಆಗದ ಕೆಂಪುಕಲ್ಲಿನ ಗೋಡೆಗೆ ಅಂಟಿಸಿದ್ದರು. ಇಂಗ್ಲಿಷ್ ಮತ್ತು ಮಲಯಾಳಂ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ಆ ತಾಯಿಗೆ ಓದಲು ಬಂದದ್ದು ಅಂಕೆಗಳಷ್ಟೇ. ಅಸಲಿಗಿಂತ ಬಾಕಿಯೇ ಜಾಸ್ತಿ ಇತ್ತು. ನಾನು ಓದಿ ಮುಗಿಸುವ ಮೊದಲೇ ಅವರು ಜಗಲಿಯಲ್ಲಿ ಕೂತುಬಿಟ್ಟರು.

ಕೊರೊನಾ ಕಾಲದ ಮೊರಟೋರಿಯಂ ನೆನಪಿದೆಯಲ್ವಾ? 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಕಂತಿಗೆ ವಿರಾಮ ಸಿಕ್ಕಿತು, ಬಡ್ಡಿಗೆ ಸಿಗಲಿಲ್ಲ. ಬಡ್ಡಿಯ ಮೇಲಿನ ಬಡ್ಡಿ ಆಮೇಲೆ ಮನ್ನಾ ಆಯಿತು, ಮೂಲ ಬಡ್ಡಿ ಹಾಗೇ ಉಳಿಯಿತು. ಲೆಕ್ಕ ಹಾಕಿ ನೋಡಿ. 10 ಲಕ್ಷದ ಹೊಸ ಸಾಲ, 20 ವರ್ಷ, ಶೇ. 9 ಬಡ್ಡಿ. ಕಂತು ಸುಮಾರು 9,000. ಆರು ತಿಂಗಳು ಕಟ್ಟದಿದ್ದರೆ ಬಡ್ಡಿಯೇ 45,000 ಸೇರುತ್ತದೆ. ಅದೇ ಕಂತಿನಲ್ಲಿ ತೀರಿಸಹೊರಟರೆ ಹೆಚ್ಚುಕಡಿಮೆ ಮೂರು ವರ್ಷ ಜಾಸ್ತಿ ಕಟ್ಟಬೇಕು! ಇದನ್ನು ನೆರವು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2025ರಲ್ಲಿ ಕೇರಳ ವಿಧಾನಸಭೆ ಇರುವ ಒಂದೇ ಮನೆಯನ್ನು ಜಪ್ತಿಯಿಂದ ಉಳಿಸುವ ಮಸೂದೆ ಪಾಸು ಮಾಡಿತು. ತುಂಬ ಒಳ್ಳೆಯ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಸಲು 5 ಲಕ್ಷ, ಬಡ್ಡಿ ಸೇರಿ 10 ಲಕ್ಷ ಎಂಬ ಮಿತಿ ಇದೆ. ಈಗಿನ ಕಲ್ಲು, ಸಿಮೆಂಟು, ಮೇಸ್ತ್ರಿ ಕೂಲಿಯಲ್ಲಿ 5 ಲಕ್ಷಕ್ಕೆ ಎಂಥ ಮನೆ ಆಗುತ್ತದೆ? ಅದಲ್ಲದೆ ಇದು ಜಪ್ತಿ ಬಾಗಿಲಿಗೆ ಬಂದ ಮೇಲಿನ ಮಾತು. ಅಷ್ಟು ಹೊತ್ತಿಗೆ ಮನೆಯಲ್ಲಿದ್ದ ಚಿನ್ನವೂ ಹೋಗಿರುತ್ತದೆ.

ನಾನು ಕೇಳುವುದು ಇಷ್ಟು. ಕೆಲಸ ಹೋಗಿದೆ, ಕಾಯಿಲೆ ಬಂದಿದೆ, ಬೆಳೆ ಹಾಳಾಗಿದೆ ಎಂದು ಪಂಚಾಯತ್‌ಗೆ ತೋರಿಸಿಕೊಟ್ಟವರ ಆರು ತಿಂಗಳ ಬಡ್ಡಿಯನ್ನು ಸರಕಾರವೇ ಕಟ್ಟಲಿ. ಮೊದಲ ಕಂತು ತಪ್ಪಿದ ಕೂಡಲೇ ಅರ್ಜಿ ಹಾಕುವಂತಿರಲಿ. ಅರ್ಜಿಯೂ ನೋಟಿಸೂ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲೂ ಸಿಗಲಿ.

ಈಗಾಗಲೇ ನೋಟಿಸ್ ಬಂದವರು ಸುಮ್ನೆ ಕೂರಬೇಡಿ. ಆ 60 ದಿನದೊಳಗೆ ನಿಮ್ಮ ಕಷ್ಟವನ್ನು, ಆಕ್ಷೇಪವನ್ನು ಬರೆದು ಬ್ಯಾಂಕಿಗೆ ಕೊಡಿ. ಅದನ್ನು ಒಪ್ಪದಿದ್ದರೆ ಕಾರಣ ತೋರಿಸಿ 15 ದಿನದೊಳಗೆ ಅವರು ಉತ್ತರ ಕೊಡಲೇಬೇಕು. ಬರೆಯಲು ಜನ ಬೇಕಿದ್ದರೆ ನನಗೆ ಮೆಸೇಜ್ ಮಾಡಿ.